ನೆಫರ್ಟಿಟಿಯ ಮುಖ, ಅಬ್ಬಕ್ಕನ ಮುಖ

ನಮ್ಮ ಕುದ್ರೋಳಿಯಲ್ಲಿ ಒಂದು ಮನೆಯವರು ಎಲ್ಲೆಲ್ಲಿ ದುಡಿದು ಬಂದಿದ್ದಾರೆ ಎಂದು ತಿಳಿಯಬೇಕಾದರೆ ಅವರನ್ನೇ ಕೇಳಬೇಕಾಗಿಲ್ಲ, ಹಾಲಿನ ಶೋಕೇಸನ್ನು ನೋಡಿದರೆ ಸಾಕು. ಗಲ್ಫಿಗೆ ಹೋದವರಲ್ಲಿ ಹಿತ್ತಾಳೆಯ ಒಂಟೆ, ಬಣ್ಣಬಣ್ಣದ ಮರಳು ತುಂಬಿದ ಬಾಟಲಿ ಇದ್ದೇ ಇರುತ್ತದೆ. ಅವುಗಳ ನಡುವೆ ಈಜಿಪ್ಟಿನ ರಾಜರಾಣಿಯರೂ ಇರುತ್ತಾರೆ. ಬಂಗಾರದ ಬಣ್ಣ ಬಳಿದ ಪಟ್ಟೆಪಟ್ಟೆಯ ಶಿರವಸ್ತ್ರದ ರಾಜ, ಉದ್ದ ಕತ್ತಿನ, ನೀಲಿ ಕಿರೀಟದ ರಾಣಿ. ರಾಣಿ ಯಾರೆಂದು ಕೇಳಿದರೆ ಹೆಚ್ಚಿನವರು "ಕ್ಲಿಯೋಪಾತ್ರ ಅಲ್ವಾ ಟೀಚರ್?" ಎನ್ನುತ್ತಾರೆ. ಅಲ್ಲ. ಅವಳು ನೆಫರ್ಟಿಟಿ. ಕ್ಲಿಯೋಪಾತ್ರಳಿಗಿಂತ ಸುಮಾರು 1300 ವರ್ಷ ಹಿಂದಿನವಳು.

ಆ ಬೊಂಬೆಯ ಮೂಲ ಶಿಲ್ಪ ಮಣ್ಣಿನಿಂದ ಹೊರಬಂದದ್ದು 1912ರ ಡಿಸೆಂಬರ್ 6ರಂದು. ಅದೇ 1912ರಲ್ಲಿ ನಮ್ಮ ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದರು. ಈಜಿಪ್ಟಿನ ಅಮರ್ನಾ ಎಂಬಲ್ಲಿ ಜರ್ಮನಿಯ ಲುಡ್ವಿಗ್ ಬೋರ್ಖಾರ್ಟ್ ಅಗೆಸುತ್ತಿದ್ದಾಗ ಥುಟ್‌ಮೋಸ್ ಎಂಬ ಶಿಲ್ಪಿಯ ಕಾರ್ಯಾಗಾರದಲ್ಲಿ ಅದು ಸಿಕ್ಕಿತು. ಸುಣ್ಣಕಲ್ಲಿನ ಮೇಲೆ ಗಾರೆ ಮೆತ್ತಿ ಬಣ್ಣ ಹಾಕಿದ, ಒಂದೂವರೆ ಅಡಿಗಿಂತ ತುಸು ಹೆಚ್ಚು ಎತ್ತರದ ತಲೆ. ಒಂದು ಕಣ್ಣಿಗೆ ಗುಡ್ಡೆಯಿದೆ, ಇನ್ನೊಂದು ಬರಿದು. ಉಳಿದ ಶಿಲ್ಪಿಗಳು ನೋಡಿಕೊಂಡು ಕೆತ್ತಲೆಂದು ಇಟ್ಟಿದ್ದ ಮಾದರಿ ಇದಾಗಿರಬೇಕು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಅದು ಹುಟ್ಟಿದ್ದೇ ನಕಲು ಮಾಡಿಸಿಕೊಳ್ಳುವುದಕ್ಕೆ!

ನಕಲುಗಳಿಗೆ ತಡವಾಗಲಿಲ್ಲ. ಅಗೆತಕ್ಕೆ ಹಣ ಕೊಟ್ಟಿದ್ದ ಬರ್ಲಿನ್ನಿನ ವ್ಯಾಪಾರಿ ಜೇಮ್ಸ್ ಸೈಮನ್ 1913ರಲ್ಲೇ ಪ್ರತಿಗಳನ್ನು ಮಾಡಿಸಿ ಒಂದನ್ನು ಚಕ್ರವರ್ತಿ ಕೈಸರನಿಗೆ ಕೊಟ್ಟ. ಅಸಲನ್ನು ಜನ ನೋಡಿದ್ದು 1924ರ ಹೊತ್ತಿಗೆ. ಅದು ಇಂದಿಗೂ ಬರ್ಲಿನ್ನಿನಲ್ಲೇ ಇದೆ. ನಮ್ಮ ರಾಣಿಯನ್ನು ನಮಗೆ ಕೊಡಿ ಎಂದು ಈಜಿಪ್ಟಿನವರು ಕೇಳುತ್ತಲೇ ಇದ್ದಾರೆ. ಬರ್ಲಿನ್ನಿನಲ್ಲಿ 1819ರಿಂದ ಅಚ್ಚು ಹೊಯ್ಯುತ್ತಿರುವ ಸರಕಾರಿ ಕಾರ್ಯಾಗಾರವೊಂದಿದೆ. ಅಲ್ಲಿಯ ಪ್ರತಿಗಳನ್ನು ಸಂಗ್ರಹಕಾರರು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಾರೆ. ಒಳ್ಳೆಯ ಪ್ರತಿಯನ್ನು ಗುರುತಿಸಲು ನನಗೆ ತಿಳಿದ ಒಂದು ಉಪಾಯ ಆ ಕಣ್ಣು. ಅಂಗಡಿಯ ಬೊಂಬೆಗಳಲ್ಲಿ ಕೆಲವಕ್ಕೆ ಅಂದ ಕೆಡಬಾರದೆಂದು ಎರಡೂ ಕಣ್ಣು ಬರೆದಿರುತ್ತಾರೆ. ಪ್ರಾಮಾಣಿಕವಾದ ನಕಲು ಮೂಲದ ಕೊರತೆಯನ್ನೂ ನಕಲು ಮಾಡುತ್ತದೆ.

ಬಂಗಾರದ ಮುಖದ ರಾಜ ಟುಟಾಂಕಾಮನ್. 1922ರ ನವೆಂಬರಿನಲ್ಲಿ ಹೋವರ್ಡ್ ಕಾರ್ಟರ್ ಅವನ ಗೋರಿಯನ್ನು ಕಂಡುಹಿಡಿದ. ಹತ್ತು ಕಿಲೋಗೂ ಮಿಕ್ಕಿದ ಚಿನ್ನದ ಆ ಮುಖವಾಡ ಬೆಳಕಿಗೆ ಬಂದದ್ದು 1925ರಲ್ಲಿ. ಗೋರಿಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಚಿನ್ನವಲ್ಲ, 413 ಪುಟ್ಟ ಬೊಂಬೆಗಳು. ಅವುಗಳಿಗೆ ಶಬ್ತಿ ಎಂದು ಹೆಸರು. ಪರಲೋಕದಲ್ಲಿ ಹೊಲ ಉಳುವ ಸರದಿ ಬಂದಾಗ ಸತ್ತವನ ಬದಲಿಗೆ ಇವು "ಇಗೋ ಬಂದೆ" ಎಂದು ಎದ್ದು ನಿಲ್ಲಬೇಕಂತೆ. ಎಷ್ಟೋ ಬೊಂಬೆಗಳಿಗೆ ರಾಜನದೇ ಮುಖ. ದುಡಿಮೆಗೊಂದು ನಕಲನ್ನು ಮಾಡಿಟ್ಟ ರಾಜನ ಜಾಣತನವನ್ನು ಬೆಳಿಗ್ಗೆ ಐದಕ್ಕೆ ಏಳುವ ನಾವು ಹೆಂಗಸರು ಮೆಚ್ಚಲೇಬೇಕು.

ಅವನ ಸಿಂಹಾಸನದ ಒಂದು ಪ್ರತಿಯನ್ನು ನೋಡಲು ಕೈರೋಗೆ ಹೋಗಬೇಕಾಗಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಅದಿದೆ. ಸಿಂಹಾಸನದ ಬೆನ್ನಿನ ಮೇಲೆ ರಾಣಿ ತನ್ನ ಗಂಡನಿಗೆ ಸುಗಂಧತೈಲ ಹಚ್ಚುವ ಚಿತ್ರ. ನಕಲಿನಿಂದ ಅಸಲಿಗೆ ಉಪಕಾರವೂ ಆಗುತ್ತದೆ. ಪ್ರವಾಸಿಗಳ ಉಸಿರಿನ ತೇವದಿಂದ ಆ ಗೋರಿಯ ಗೋಡೆಚಿತ್ರಗಳು ಹಾಳಾಗುತ್ತವೆಂದು 2014ರಲ್ಲಿ ಅದರ ತದ್ರೂಪು ಕೋಣೆಯನ್ನೇ ಕಟ್ಟಿ ಜನರಿಗೆ ತೆರೆದರು.

ಆದ್ದರಿಂದ ನಕಲು ಎಂದೊಡನೆ ಮೂಗು ಮುರಿಯುವವಳು ನಾನಲ್ಲ. ನವರಾತ್ರಿಯಲ್ಲಿ ನಮ್ಮ ಕುದ್ರೋಳಿಯ ಶಾರದೆಯನ್ನು ವರ್ಷವರ್ಷವೂ ಹೊಸದಾಗಿ ಮಾಡಿ ನೀರಿಗೆ ಬಿಡುತ್ತಾರೆ. ಅಲ್ಲಿ ಅಸಲು ಯಾವುದು, ನಕಲು ಯಾವುದು ಎಂದು ಯಾರೂ ಕೇಳುವುದಿಲ್ಲ. ನಕಲನ್ನು ಅಸಲೆಂದು ಮಾರಿದರೆ ಮಾತ್ರ ಮೋಸ. ನೂರು ವರ್ಷ ದಾಟಿದ ವಿಗ್ರಹಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸದಂತೆ ನಮ್ಮಲ್ಲಿ 1972ರ ಕಾಯಿದೆಯಿದೆ. ಆದರೆ ಹೊಸ ಕಂಚಿಗೆ ಹುಳಿ ಹಚ್ಚಿ ಹಳತು ಮಾಡುವ ಕೈಗಳೂ ಇವೆ. ಕೊಳ್ಳುವವರು ಕಣ್ಣು ತೆರೆದಿರಬೇಕು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯಾರ ಮುಖಕ್ಕೆ ನಕಲು ಸಿಗುತ್ತದೆ, ಯಾರದಕ್ಕೆ ಇಲ್ಲ? ಒಮ್ಮೆ ತರಗತಿಯಲ್ಲಿ ಉಳ್ಳಾಲದ ಅಬ್ಬಕ್ಕ ರಾಣಿಯ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ, "ಉಳ್ಳಾಲದ ಪ್ರತಿಮೆಯಲ್ಲಿರುವ ಹಾಗೇ ಇದ್ದರಾ ಟೀಚರ್ ಅವರು?" ಎಂದು ಕೇಳಿದಳು. ಆ ಪ್ರತಿಮೆ ನಮ್ಮ ಕಾಲದ ಶಿಲ್ಪಿಯ ಕಲ್ಪನೆ. ಪೋರ್ಚುಗೀಸರನ್ನು ಎದುರಿಸಿದ ರಾಣಿಯ ಮುಖ ಇಂಥದೇ ಎಂದು ಹೇಳಬಲ್ಲ ಅವಳ ಕಾಲದ ಚಿತ್ರ ನಮ್ಮಲ್ಲಿಲ್ಲ. 3300 ವರ್ಷ ಹಿಂದಿನ ನೆಫರ್ಟಿಟಿಯ ಕೆನ್ನೆಮೂಳೆ ನಮಗೆ ಗೊತ್ತು, ನೇತ್ರಾವತಿಯಾಚೆಯ ರಾಣಿಯ ಮುಖ ಗೊತ್ತಿಲ್ಲ.

ಆದರೂ ನಾವು ಪೂರ್ತಿ ಬರಿಗೈಯವರಲ್ಲ. ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿಯೊಬ್ಬನಿದ್ದ. 1615ರಲ್ಲಿ ಈಜಿಪ್ಟಿನ ಸಕ್ಕಾರಾದಲ್ಲಿ ಮುಖ ಚಿತ್ರಿಸಿದ ಎರಡು ಮಮ್ಮಿಗಳನ್ನು ಕೊಂಡು ರೋಮಿಗೆ ಸಾಗಿಸಿದವನು ಅವನೇ. ಅವು ಈಗ ಜರ್ಮನಿಯ ಡ್ರೆಸ್ಡೆನ್ನಿನಲ್ಲಿವೆ. ಅದೇ ಮನುಷ್ಯ 1623ರಲ್ಲಿ ನಮ್ಮ ಕರಾವಳಿಗೆ ಬಂದು, ಉಳ್ಳಾಲದ ರಾಣಿಯನ್ನು ದಾರಿಯಲ್ಲಿ ಕಂಡು ಮಾತಾಡಿಸಿದ. ಆಕೆ ತಾನು ಅಗೆಸುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಬರಿಗಾಲು, ಸೊಂಟಕ್ಕೆ ಸುತ್ತಿದ ದಪ್ಪ ಬಿಳಿ ಹತ್ತಿಬಟ್ಟೆ, ಮೇಲೆ ಹಿಡಿದ ತಾಳೆಗರಿಯ ಕೊಡೆ. ಮೈಬಣ್ಣ ಕಪ್ಪು, ಮೈಕಟ್ಟು ದಪ್ಪ, ಪ್ರಾಯ ನಲವತ್ತರ ಆಸುಪಾಸು. ನೋಡಿದರೆ ಅಡಿಗೆಯವಳಂತೆ ಕಂಡಳು, ಬಾಯಿ ತೆರೆದಾಗ ರಾಣಿಯೆಂದು ತಿಳಿಯಿತು ಎನ್ನುವ ಅರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರೆಂದೂ ಈಕೆ ಅವರಲ್ಲಿ ಕೊನೆಯ ಕಾಲದವಳೆಂದೂ ಇತಿಹಾಸಕಾರರು ಹೇಳುತ್ತಾರೆ.

ಅಡಿಗೆಯವಳಂತೆ ಎಂದು ಅವನು ಬರೆದದ್ದನ್ನು ಓದಿ ನನಗೆ ಸಿಟ್ಟು ಬರಲಿಲ್ಲ. ಕೆಲಸದ ಜಾಗಕ್ಕೆ ತಾನೇ ನಡೆದು ಹೋಗುವ ಹೆಂಗಸು ಹೇಗಿರುತ್ತಾಳೋ ಹಾಗೆಯೇ ಇದ್ದಳು ಆಕೆ. ತನ್ನ ಬದಲಿಗೆ ದುಡಿಯಲು ಒಂದು ಬೊಂಬೆಯನ್ನೂ ಮಾಡಿಸಿಕೊಂಡವಳಲ್ಲ. ಆ ದಿನ ಹುಡುಗಿಯರಿಗೆ ಇಷ್ಟನ್ನೇ ಓದಿ ಹೇಳಿ, ಚಿತ್ರ ಬರೆದುಕೊಂಡು ಬನ್ನಿ ಎಂದೆ. ಮರುದಿನ ಕೆಲವರು ಕಿರೀಟವನ್ನೇ ಬರೆದಿದ್ದರು. ಒಬ್ಬಳು ಮಾತ್ರ ಬರಿಗಾಲಿನ ಕಪ್ಪು ಹೆಂಗಸನ್ನೂ ದೊಡ್ಡದೊಂದು ಓಲೆಕೊಡೆಯನ್ನೂ ಬರೆದು, ಕೆಳಗೆ "ರಾಣಿ ಮಾತಾಡುತ್ತಿದ್ದಾಳೆ" ಎಂದು ಬರೆದಿದ್ದಳು.