ಬೀದಿ ಮತ್ತೆ ಅಂಗಳವಾದ ಬಗೆ

ನಮ್ಮ ಊರುಗಳಲ್ಲಿ ಮನೆಯ ಮುಂದಿನ ಬೀದಿಯೆಂದರೆ ಬರಿಯ ದಾರಿಯಲ್ಲ. ಬೆಳಗ್ಗೆ ನೀರು ಚಿಮುಕಿಸಿ ರಂಗವಲ್ಲಿ ಇಡುವುದು ಅಲ್ಲಿ. ಸೊಪ್ಪಿನವಳು ಬುಟ್ಟಿ ಇಳಿಸುವುದು ಅಲ್ಲಿ. ಹುಡುಗರು ಬುಗುರಿ ಆಡಿಸುವುದೂ ಮುದುಕರು ನಿಂತು ಕ್ಷೇಮಸಮಾಚಾರ ವಿಚಾರಿಸುವುದೂ ಅಲ್ಲಿಯೇ. ಈ ಬೀದಿಗೆ ಮೋಟಾರು ಅತಿಥಿಯಾಗಿ ಬಂದಿತು. ಕೆಲವೇ ದಶಕಗಳಲ್ಲಿ ಯಜಮಾನನಾಗಿ ಕುಳಿತಿತು. ಇದು ಹೇಗಾಯಿತು, ಅದನ್ನು ಮತ್ತೆ ಅತಿಥಿಯ ಸ್ಥಾನಕ್ಕೆ ತಂದವರು ಯಾರು ಎಂಬುದು ತಿಳಿದುಕೊಳ್ಳಬೇಕಾದ ಚರಿತ್ರೆ.

ಮೊದಲು ಇಂಗ್ಲೆಂಡಿಗೆ ಹೋಗೋಣ. ಅಲ್ಲಿ 1865ರಲ್ಲಿ ಒಂದು ಕಾಯಿದೆಯಾಯಿತು. ರಸ್ತೆಯ ಮೇಲೆ ತಾನೇ ಚಲಿಸುವ ಎಂಜಿನ್ ಗಾಡಿ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಿಂತ ಹೆಚ್ಚು ವೇಗವಾಗಿ ಹೋಗಕೂಡದು. ಅದರ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು. ಇಂದು ಕೇಳಿದರೆ ನಗು ಬರುತ್ತದೆ. ಆದರೆ ಅದರ ಹಿಂದಿದ್ದ ಭಾವನೆ ನಗುವಂಥದಲ್ಲ: ರಸ್ತೆ ನಡೆಯುವವರದು, ಹೊಸದಾಗಿ ಬಂದ ಯಂತ್ರ ಅವರಿಗೆ ಎಚ್ಚರಿಕೆ ಕೊಟ್ಟು ಬರಬೇಕು.

1896ರಲ್ಲಿ ಈ ಕಟ್ಟು ಸಡಿಲಿತು. ಹಗುರವಾದ ಮೋಟಾರುಗಳಿಗೆ ಗಂಟೆಗೆ 14 ಮೈಲಿಯವರೆಗೆ ಅವಕಾಶವಾಯಿತು. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಪ್ರದರ್ಶನದ ಮೋಟಾರೊಂದಕ್ಕೆ ಸಿಕ್ಕಿ ಪ್ರಾಣ ಬಿಟ್ಟಳು. ಇಂಥದು ಇನ್ನೊಮ್ಮೆ ನಡೆಯದಿರಲೆಂದು ವಿಚಾರಣೆ ನಡೆಸಿದ ಅಧಿಕಾರಿ ಆಶಿಸಿದನಂತೆ. 1903ರ ಕಾಯಿದೆ ಮಿತಿಯನ್ನು 20 ಮೈಲಿಗೆ ಏರಿಸಿತು. ಅದನ್ನೂ ಯಾರೂ ಪಾಲಿಸುತ್ತಿಲ್ಲವೆಂಬ ಕಾರಣದಿಂದ 1930ರಲ್ಲಿ ಕಾರುಗಳಿಗೆ ಮಿತಿಯೇ ಇಲ್ಲದಂತೆ ಮಾಡಿದರು. ಫಲವೇನು? 1934ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,000ಕ್ಕೂ ಹೆಚ್ಚು. 1935ರ ಮಾರ್ಚಿಯಲ್ಲಿ ಜನವಸತಿಯ ಪ್ರದೇಶಗಳಿಗೆ 30 ಮೈಲಿಯ ಮಿತಿ ಬಂದಿತು. ಕಳ್ಳರು ಹೆಚ್ಚಾದರೆಂದು ಬಾಗಿಲನ್ನೇ ಕಿತ್ತು ಹಾಕಿದವರು ಐದು ವರ್ಷಗಳಲ್ಲಿ ಮತ್ತೆ ಬಾಗಿಲು ಇಡಿಸಿದಂತಾಯಿತು.

ಆದರೆ ಬೀದಿ ಯಾರದು ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಧೈರ್ಯವಾಗಿ ಉತ್ತರ ಹುಡುಕಿದ್ದು ಹಾಲೆಂಡ್ ಎಂದು ನಾವು ಕರೆಯುವ ನೆದರ್ಲೆಂಡ್ಸ್.

ಹಾಲೆಂಡ್ ಬೈಸಿಕಲ್ಲಿನ ದೇಶ. ಆದುದರಿಂದ ಅಲ್ಲಿ ಎಲ್ಲವೂ ಮೊದಲಿನಿಂದ ಸರಿಯಾಗಿಯೇ ಇತ್ತೆಂದು ಭಾವಿಸುವುದುಂಟು. ಅದು ತಪ್ಪು. ಎರಡನೆಯ ಮಹಾಯುದ್ಧದ ಅನಂತರ ಆ ದೇಶದಲ್ಲಿ ಹಣ ಹೆಚ್ಚಿತು, ಕಾರು ಹೆಚ್ಚಿತು. ಊರ ಚೌಕಗಳು ಕಾರು ನಿಲ್ಲುವ ತಾಣಗಳಾದುವು. ಬೈಸಿಕಲ್ಲಿನ ಸವಾರರು ವರ್ಷವರ್ಷಕ್ಕೂ ಕಡಮೆಯಾದರು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ ಹೀಗೆ ತನ್ನ ಪುಟ್ಟ ಮಗಳನ್ನು ಕಳೆದುಕೊಂಡ. 1972ರಲ್ಲಿ ಅವನು ತನ್ನ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಅದರ ತಲೆಬರಹ. ಅಪಘಾತವೆಂಬ ಮಾತನ್ನು ಬಿಟ್ಟು ಕೊಲೆಯೆಂದದ್ದು ಜನರ ಮನಸ್ಸನ್ನು ಚುಚ್ಚಿತು. ಅದೇ ಹೆಸರಿನಲ್ಲಿ ಒಂದು ಚಳವಳಿ ಹುಟ್ಟಿತು. ತಾಯಂದಿರೂ ತಂದೆಯರೂ ಬೀದಿಗಿಳಿದರು. ಕೆಲವೆಡೆ ಬೀದಿಗಳನ್ನು ತಾವೇ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. 1973ರಲ್ಲಿ ಎಣ್ಣೆಯ ಅಭಾವ ತಲೆದೋರಿದಾಗ ಸರ್ಕಾರ ಕೆಲವು ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. ಬರಿದಾದ ರಸ್ತೆಗಳಲ್ಲಿ ಮಕ್ಕಳು ಆಡುವುದನ್ನು ಕಂಡ ಜನರಿಗೆ ತಾವು ಕಳೆದುಕೊಂಡದ್ದು ಏನೆಂಬುದು ಕಣ್ಣಾರೆ ತಿಳಿಯಿತು.

ಇಷ್ಟರಲ್ಲಿ ಡೆಲ್ಫ್ಟ್ ಎಂಬ ಹಳೆಯ ಊರಿನಲ್ಲಿ ಒಂದು ಪ್ರಯೋಗ ನಡೆದಿತ್ತು. ನೀಕ್ ದ ಬೂರ್ ಎಂಬ ನಗರಯೋಜಕ ಆ ವಿಚಾರಕ್ಕೆ ‘ವೂನೆರ್ಫ್’ ಎಂದು ಹೆಸರಿಟ್ಟ. ‘ವೂನ್’ ಎಂದರೆ ವಾಸ, ‘ಎರ್ಫ್’ ಎಂದರೆ ಅಂಗಳ. ನಮ್ಮ ಮಾತಿನಲ್ಲಿ ಮನೆಯಂಗಳ. ಡೆಲ್ಫ್ಟ್ ಪುರಸಭೆಯ ಎಂಜಿನಿಯರ್ ಯೋಸ್ಟ್ ವಾಲ್ ಮತ್ತು ಅವನ ಜೊತೆಗಾರರು ಇದನ್ನು ಕಲ್ಲುಮಣ್ಣಿನಲ್ಲಿ ಮಾಡಿ ತೋರಿಸಿದರು. ಕಾಲುದಾರಿಗೂ ಗಾಡಿಯ ದಾರಿಗೂ ನಡುವಿನ ಕಟ್ಟೆಯನ್ನು ತೆಗೆದು ನೆಲವನ್ನು ಒಂದೇ ಮಟ್ಟಕ್ಕೆ ತಂದರು. ನೇರವಾದ ದಾರಿಯನ್ನು ಬೇಕೆಂದೇ ಬಳುಕಿಸಿದರು. ಮರ, ಹೂವಿನ ಪಾತಿ, ಕುಳಿತುಕೊಳ್ಳುವ ಪೀಠ, ಉಬ್ಬು ಇವನ್ನೆಲ್ಲ ಇಟ್ಟರು. ವೇಗ ಕಡಮೆ ಮಾಡಿ ಎಂದು ಪೋಲೀಸಿನವರು ಹೇಳಬೇಕಾಗಿರಲಿಲ್ಲ, ಬೀದಿಯೇ ಹೇಳುತ್ತಿತ್ತು.

1976ರಲ್ಲಿ ಇದಕ್ಕೆ ಕಾನೂನಿನ ಮುದ್ರೆ ಬಿತ್ತು. ಮನೆಯಂಗಳದ ಬೀದಿಯಲ್ಲಿ ನಡೆಯುವವರು ಅದರ ಪೂರ್ತಿ ಅಗಲವನ್ನು ಬಳಸಬಹುದು, ಮಕ್ಕಳು ಆಡಬಹುದು, ಕಾರು ಮನುಷ್ಯನ ನಡಿಗೆಯ ವೇಗದಲ್ಲಿ ಹೋಗಬೇಕು, ಗುರುತು ಮಾಡಿದ ಸ್ಥಳದಲ್ಲಿ ಮಾತ್ರ ನಿಲ್ಲಬೇಕು. ಅದರ ಜೊತೆಗೇ ಇನ್ನೊಂದು ಮಾತೂ ಉಂಟು: ನಡೆಯುವವರು ವೃಥಾ ಕಾರಿಗೆ ಅಡ್ಡಿಯಾಗಕೂಡದು. ನ್ಯಾಯವೆಂದರೆ ಇದು. ಕಾರನ್ನು ಹೊರಹಾಕಲಿಲ್ಲ, ಇನ್ನೊಬ್ಬರ ಅಂಗಳಕ್ಕೆ ಬಂದವನು ಹೇಗೆ ನಡೆದುಕೊಳ್ಳಬೇಕೋ ಹಾಗೆ ನಡೆದುಕೊ ಎಂದರು. ನೂರಹನ್ನೊಂದು ವರ್ಷಗಳ ಅನಂತರ, ಬಾವುಟ ಹಿಡಿದ ಮನುಷ್ಯನಿಲ್ಲದೆಯೇ, 1865ರ ಹಳೆಯ ಭಾವನೆ ಹೊಸ ರೂಪದಲ್ಲಿ ಬಂದಂತಾಯಿತು.

ಎಲ್ಲ ಬೀದಿಗಳನ್ನೂ ಹೀಗೆ ಕಿತ್ತು ಕಟ್ಟುವುದು ದುಬಾರಿಯ ಕೆಲಸ. ಆದುದರಿಂದ 1983ರಲ್ಲಿ ಹಾಲೆಂಡಿನವರು ಸುಲಭವಾದ ದಾರಿಯೊಂದನ್ನು ಹಿಡಿದರು: ವಸತಿಯ ಬೀದಿಗಳಿಗೆ ಗಂಟೆಗೆ 30 ಕಿಲೋಮೀಟರಿನ ಮಿತಿ. ಈ ಮೂವತ್ತರಲ್ಲಿ ಏನು ವಿಶೇಷ? ಲೆಕ್ಕ ಸರಳವಾದದ್ದು. ಮಗುವೊಂದು ಅಡ್ಡ ಬಂದುದನ್ನು ಕಂಡು ಬ್ರೇಕು ಒತ್ತಲು ಸವಾರನಿಗೆ ಒಂದು ಸೆಕೆಂಡ್ ಬೇಕೆನ್ನೋಣ. ಒಣಗಿದ ಒಳ್ಳೆಯ ರಸ್ತೆಯಲ್ಲಿ 30ರ ವೇಗದ ಕಾರು ಸುಮಾರು 13 ಮೀಟರಿನಲ್ಲಿ ಪೂರ್ತಿಯಾಗಿ ನಿಲ್ಲುತ್ತದೆ. 50ರ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿಯೇ ಸುಮಾರು 14 ಮೀಟರ್ ಹೋಗಿರುತ್ತದೆ. ಅದರ ಬ್ರೇಕು ಇನ್ನೂ ಹಿಡಿದಿರುವುದಿಲ್ಲ. ಒಂದು ನಿಂತ ಸ್ಥಳದಲ್ಲಿ ಇನ್ನೊಂದು ಪೂರ್ಣ ವೇಗದಿಂದ ಬಡಿಯುತ್ತದೆ.

ಹಾಲೆಂಡಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ರಸ್ತೆಯ ಸಾವುಗಳು 700ರ ಆಸುಪಾಸಿಗೆ ಇಳಿದಿವೆ. ಇದೆಲ್ಲ ಮನೆಯಂಗಳದ ಬೀದಿಯೊಂದರಿಂದಲೇ ಆಯಿತೆನ್ನುವುದು ಸರಿಯಲ್ಲ. ಬೈಸಿಕಲ್ಲಿಗೆ ಬೇರೆ ದಾರಿಗಳಾದುವು, ಕಾರುಗಳಲ್ಲಿ ಬೆಲ್ಟು ಬಂದಿತು, ಚಿಕಿತ್ಸೆ ಸುಧಾರಿಸಿತು. ವೃದ್ಧ ಸೈಕಲ್ ಸವಾರರ ಸಾವು ಇಂದಿಗೂ ಅಲ್ಲಿ ಚಿಂತೆಯ ವಿಷಯವೇ. ಆದರೆ ಬೀದಿಯ ನ್ಯಾಯದ ವಿಚಾರ ಆ ದೇಶವನ್ನು ದಾಟಿ ಹೋಗಿದೆ. 1992ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರ, 2021ರಲ್ಲಿ ಸ್ಪೇನ್, 2023ರಲ್ಲಿ ವೇಲ್ಸ್, ಹೀಗೆ ಒಬ್ಬೊಬ್ಬರಾಗಿ ಊರೊಳಗಿನ ಬೀದಿಗಳಿಗೆ ಇಂಥದೇ ಮಿತಿಯನ್ನು ತಂದರು. ವೇಲ್ಸಿನಲ್ಲಿ ಅದಕ್ಕೆ ಬಲವಾದ ವಿರೋಧವೂ ಬಂದಿತು. ಕೆಲವು ರಸ್ತೆಗಳನ್ನು ಮರುಪರಿಶೀಲಿಸಬೇಕಾಯಿತು. ಅಭ್ಯಾಸವನ್ನು ಬಿಡಿಸುವುದು ಎಲ್ಲಿಯೂ ಸುಲಭವಲ್ಲ.

ನಮ್ಮಲ್ಲಿ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳನ್ನು ನೆನೆಯಬಹುದು. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಆ ಬಡಾವಣೆಗಳ ಬೀದಿಗಳು ಅಗಲವಾದದ್ದು ಮನೆಗಳಿಗೆ ಗಾಳಿ ಬೆಳಕು ಬರಲೆಂದು, ಮೋಟಾರು ಓಡಲೆಂದಲ್ಲ. ಇಂದು ನಾವು ಬೀದಿಬೀದಿಗೆ ಹಂಪು ಹಾಕಿಸುತ್ತೇವೆ. ಬಣ್ಣವಿಲ್ಲದ, ಕಡಿದಾದ ಹಂಪು ಕಾರಿಗಿಂತ ಹೆಚ್ಚಾಗಿ ಸೈಕಲ್ಲಿನವನನ್ನೇ ಕೆಡವುತ್ತದೆ. ಡೆಲ್ಫ್ಟಿನವರು ಕಲಿಸಿದ್ದು ಉಬ್ಬಿನ ಪಾಠವನ್ನಷ್ಟೇ ಅಲ್ಲ. ಬೀದಿಯಲ್ಲಿ ಯಾರಿಗೆ ಮೊದಲ ಮರ್ಯಾದೆ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಕಲ್ಲು ಹಾಸಬೇಕೆಂಬ ಪಾಠವನ್ನು. ಆ ತೀರ್ಮಾನಕ್ಕೆ ಹಣ ಬೇಕಿಲ್ಲ. ನಾಳೆ ನಮ್ಮ ಬೀದಿಯ ತಿರುವಿನಲ್ಲಿ ಗಾಡಿಯನ್ನು ನಿಧಾನ ಮಾಡುವಾಗಲೇ ನಾವು ಅದನ್ನು ಮಾಡಬಹುದು.