ವಯಸ್ಕರಲ್ಲಿ ವಿರಳವಾಗಿ ಕಂಡುಬರುವ ಆಹಾರ ಸೇವನೆಯ ಕಾಯಿಲೆಗಳು – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಮಣ್ಣು ತಿನ್ನುವುದು, ಉಂಡ ಅನ್ನವು ಮರಳಿ ಬಾಯಿಗೆ ಬರುವುದು, ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಊಟವನ್ನೇ ಬಿಡುವುದು ಮುಂತಾದವುಗಳನ್ನು ಸಾಮಾನ್ಯವಾಗಿ ಮಕ್ಕಳ ಹಟವೆಂದು ಅಥವಾ ಬಸುರಿಯ ಬಯಕೆಯೆಂದು ಭಾವಿಸಲಾಗುತ್ತದೆ. ವಯಸ್ಕರಲ್ಲಿ ಇವು ಕಂಡುಬಂದಾಗ ಕೆಟ್ಟ ಚಾಳಿ ಎನ್ನುವುದೂ, ನಾಚಿಕೆಯಿಂದ ಮುಚ್ಚಿಡುವುದೂ ವಾಡಿಕೆಯಾಗಿದೆ. ವಾಸ್ತವವಾಗಿ ಇವು ಗುರುತಿಸಬಹುದಾದ ಹಾಗೂ ಚಿಕಿತ್ಸೆಯಿರುವ ಕಾಯಿಲೆಗಳಾಗಿರುತ್ತವೆ. ರೋಗಿಯು ವೈದ್ಯರ ಮುಂದೆ ವಿಷಯವನ್ನು ಹೇಳದಿದ್ದಲ್ಲಿ ಸಾಮಾನ್ಯ ತಪಾಸಣೆಯಲ್ಲಿ ಇವು ಪತ್ತೆಯಾಗದೇ ಉಳಿಯುವ ಸಂಭವವಿರುವುದರಿಂದ, ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 10ನೇ ಆವೃತ್ತಿಯಲ್ಲಿ ಈ ಕಾಯಿಲೆಗಳು ಬಹುಮಟ್ಟಿಗೆ ಶೈಶವ ಮತ್ತು ಬಾಲ್ಯದ ಕಾಯಿಲೆಗಳ ಪಟ್ಟಿಯಲ್ಲಿದ್ದವು. 2022ರ ಜನವರಿ 1ರಿಂದ ಜಾರಿಗೆ ಬಂದ 11ನೇ ಆವೃತ್ತಿಯಲ್ಲಿ ಮಕ್ಕಳ ಮತ್ತು ವಯಸ್ಕರ ಆಹಾರ ಸೇವನೆಯ ಕಾಯಿಲೆಗಳನ್ನು ಒಂದೇ ಗುಂಪಿಗೆ ಸೇರಿಸಲಾಗಿದೆ. ಆದ್ದರಿಂದ ವಯಸ್ಸಿನ ಕಾರಣಕ್ಕೆ ಯಾರನ್ನೂ ಈ ರೋಗನಿರ್ಣಯದಿಂದ ಹೊರಗಿಡುವಂತಿಲ್ಲ.

2. ಪೈಕಾ (ಆಹಾರವಲ್ಲದ ವಸ್ತುಗಳನ್ನು ತಿನ್ನುವುದು)

ಪೋಷಕಾಂಶವಿಲ್ಲದ, ಆಹಾರವಲ್ಲದ ವಸ್ತುಗಳನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಪದೇ ಪದೇ ತಿನ್ನುವುದಕ್ಕೆ ಪೈಕಾ ಎನ್ನಲಾಗುತ್ತದೆ. ಈ ಹೆಸರು ಸಿಕ್ಕಿದ್ದನ್ನೆಲ್ಲ ಕೊಕ್ಕಿನಲ್ಲಿ ಎತ್ತಿಕೊಳ್ಳುತ್ತದೆಂದು ನಂಬಲಾದ ಒಂದು ಹಕ್ಕಿಯ ಲ್ಯಾಟಿನ್ ಹೆಸರಿನಿಂದ ಬಂದಿದೆ. ಮಣ್ಣು, ಬಳಪ, ಸೀಮೆಸುಣ್ಣ, ಒಲೆಯ ಬೂದಿ, ಇದ್ದಿಲು, ಗೋಡೆಯ ಸುಣ್ಣದ ಹೆಕ್ಕಳಿಕೆ, ಕಾಗದ, ಕೂದಲು ಮುಂತಾದವು ಇದರಲ್ಲಿ ಸೇರಿವೆ. ಹಸಿ ಅಕ್ಕಿಯನ್ನು ಅಥವಾ ಮಂಜುಗಡ್ಡೆಯನ್ನು ಅತಿಯಾಗಿ ತಿನ್ನುವ ಹಂಬಲವನ್ನೂ ವೈದ್ಯರು ಇದರೊಂದಿಗೆ ಪರಿಗಣಿಸುತ್ತಾರೆ.

ಈ ವಿಷಯವು ನಮ್ಮ ದೇಶಕ್ಕೆ ಹೊಸದಲ್ಲ. ಮಣ್ಣು ತಿನ್ನುವುದರಿಂದ ಉಂಟಾಗುವ ಪಾಂಡುರೋಗವನ್ನು ಚರಕ ಸಂಹಿತೆಯಲ್ಲಿ ಪಾಂಡುರೋಗದ ಐದು ಬಗೆಗಳಲ್ಲಿ ಒಂದೆಂದು ಹೇಳಲಾಗಿದೆ. ಇಂದಿನ ವೈದ್ಯಶಾಸ್ತ್ರವೂ ಪೈಕಾ ಮತ್ತು ರಕ್ತಹೀನತೆಗಳ ನಡುವೆ ನಿಕಟ ಸಂಬಂಧವಿದೆಯೆಂದು ತಿಳಿಸುತ್ತದೆ. ದೇಹದಲ್ಲಿ ಕಬ್ಬಿಣಾಂಶವು ಕಡಿಮೆಯಾದಾಗ ಮಣ್ಣು, ಮಂಜುಗಡ್ಡೆ ಮುಂತಾದವುಗಳ ಹಂಬಲ ಉಂಟಾಗಬಹುದು. ತಿಂದ ಜೇಡಿಮಣ್ಣು ಕರುಳಿನಲ್ಲಿ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ಕೊರತೆಯನ್ನು ಮತ್ತಷ್ಟು ಹೆಚ್ಚಿಸಬಹುದು. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ.

ಪೈಕಾದಿಂದ ಜಂತುಹುಳುವಿನ ಬಾಧೆ, ಹಳೆಯ ಬಣ್ಣ ಅಥವಾ ಮಣ್ಣಿನಲ್ಲಿರುವ ಸೀಸದಿಂದ ವಿಷಬಾಧೆ, ಹಲ್ಲಿನ ಸವೆತ, ಕೂದಲು ಮುದ್ದೆಗಟ್ಟಿ ಜಠರ ಅಥವಾ ಕರುಳಿಗೆ ಅಡ್ಡಲಾಗುವುದು ಮುಂತಾದ ತೊಂದರೆಗಳು ಉಂಟಾಗಬಹುದು. ಗರ್ಭಿಣಿಯು ರೂಢಿಯಂತೆ ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡ ಮಾತ್ರಕ್ಕೆ ಅದನ್ನು ಮನೋರೋಗವೆಂದು ಕರೆಯಲಾಗದು. ಆದರೆ ಮಣ್ಣಿನಿಂದಾಗುವ ಹಾನಿಯು ರೂಢಿಯ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಗರ್ಭಿಣಿಯರು ಈ ವಿಷಯವನ್ನು ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯಾಧಿಕಾರಿಗೆ ಸಂಕೋಚವಿಲ್ಲದೆ ತಿಳಿಸತಕ್ಕದ್ದು.

ಮೊದಲ ಹಂತದ ಪರೀಕ್ಷೆ ಸರಳವಾದ ರಕ್ತಪರೀಕ್ಷೆ. ಹಿಮೋಗ್ಲೋಬಿನ್ ಪ್ರಮಾಣವು ಪ್ರತಿ ಡೆಸಿಲೀಟರ್‌ಗೆ ಪುರುಷರಲ್ಲಿ 13 ಗ್ರಾಂ, ಗರ್ಭಿಣಿಯರಲ್ಲದ ಮಹಿಳೆಯರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ಸಾಮಾನ್ಯವಾಗಿ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಕಬ್ಬಿಣಾಂಶದ ಕೊರತೆಯೇ ಕಾರಣವಾಗಿದ್ದಲ್ಲಿ, ಚಿಕಿತ್ಸೆ ಆರಂಭಿಸಿದ ಕೆಲವೇ ವಾರಗಳಲ್ಲಿ ಹಂಬಲವು ತಗ್ಗುವುದುಂಟು. ಪುರುಷರಲ್ಲಿ ಮತ್ತು ಮುಟ್ಟು ನಿಂತ ಮಹಿಳೆಯರಲ್ಲಿ ಕೊರತೆ ಕಂಡುಬಂದರೆ ಮೂಲವ್ಯಾಧಿ, ಜಠರದ ಹುಣ್ಣು ಮೊದಲಾದ ಕಾರಣಗಳಿಂದ ರಕ್ತ ನಷ್ಟವಾಗುತ್ತಿದೆಯೇ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ. ಬುದ್ಧಿಮಾಂದ್ಯತೆ, ಆಟಿಸಂ ಅಥವಾ ಇತರ ಮಾನಸಿಕ ಕಾಯಿಲೆಯೊಂದಿಗೆ ಪೈಕಾ ಇರುವವರನ್ನು ಬೈಯುವುದು, ಹೊಡೆಯುವುದು, ಕಟ್ಟಿಹಾಕುವುದು ಸಲ್ಲದು. ಅಪಾಯಕಾರಿ ವಸ್ತುಗಳನ್ನು ಕೈಗೆ ಸಿಗದಂತೆ ಇರಿಸಿ ಮನೋವೈದ್ಯರ ಸಲಹೆ ಪಡೆಯತಕ್ಕದ್ದು.

3. ಮೆಲುಕು ಕಾಯಿಲೆ

ಊಟವಾದ ಕೆಲವು ನಿಮಿಷಗಳಲ್ಲಿಯೇ ನುಂಗಿದ ಆಹಾರವು ಪ್ರಯಾಸವಿಲ್ಲದೆ ಬಾಯಿಗೆ ಮರಳಿ ಬರುವುದು, ಅದನ್ನು ಪುನಃ ಅಗಿದು ನುಂಗುವುದು ಅಥವಾ ಉಗುಳುವುದು ಈ ಕಾಯಿಲೆಯ ಲಕ್ಷಣ. ಇದು ವಾಂತಿಯಲ್ಲ. ವಾಂತಿಯಲ್ಲಿ ಹೊಟ್ಟೆ ತೊಳಸುತ್ತದೆ, ಓಕರಿಕೆ ಬರುತ್ತದೆ. ಇಲ್ಲಿ ಅವೆರಡೂ ಸಾಮಾನ್ಯವಾಗಿ ಇರುವುದಿಲ್ಲ. ಮರಳಿ ಬಂದ ತುತ್ತು ಆರಂಭದಲ್ಲಿ ಉಂಡ ಊಟದ ರುಚಿಯನ್ನೇ ಹೊಂದಿರುತ್ತದೆ.

ಈ ಕಾಯಿಲೆಯುಳ್ಳ ಅನೇಕರು ಆಮ್ಲಪಿತ್ತವೆಂದು ಭಾವಿಸಿ ದೀರ್ಘಕಾಲ ಅದರ ಔಷಧಿಯನ್ನೇ ಸೇವಿಸುತ್ತಾರೆ. ಮದುವೆ ಮನೆ, ಕಛೇರಿಯ ಊಟದ ಕೋಣೆ, ಹೋಟೆಲುಗಳಲ್ಲಿ ಇತರರೊಂದಿಗೆ ಕುಳಿತು ಉಣ್ಣುವುದನ್ನು ಕ್ರಮೇಣ ಬಿಟ್ಟುಬಿಡುತ್ತಾರೆ. ಹೊಟ್ಟೆಯ ಸ್ನಾಯುಗಳು ಅರಿವಿಲ್ಲದಂತೆ ಬಿಗಿಯಾಗಿ ಜಠರವನ್ನು ಒತ್ತುವುದು ಆಹಾರ ಮೇಲೇರಲು ಕಾರಣ. ಆದ್ದರಿಂದ ಊಟದ ವೇಳೆ ಮತ್ತು ಊಟದ ನಂತರ ಎದೆಯನ್ನು ಏರಿಸದೆ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರಾಡುವ ಅಭ್ಯಾಸವೇ ಮುಖ್ಯ ಚಿಕಿತ್ಸೆ. ಇದನ್ನು ತಜ್ಞರಿಂದ ಕಲಿತು ಪ್ರತಿ ಊಟದಲ್ಲಿಯೂ ಪಾಲಿಸಿದಲ್ಲಿ ಉತ್ತಮ ಫಲಿತಾಂಶ ಪಡೆಯಬಹುದಾಗಿರುತ್ತದೆ. ಅನ್ನನಾಳದ ಇತರ ಕಾಯಿಲೆಗಳಿಲ್ಲವೆಂದು ವೈದ್ಯರಿಂದ ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯಕ.

4. ಆಹಾರ ವರ್ಜನೆಯ ಕಾಯಿಲೆ

ತೆಳ್ಳಗಾಗಬೇಕೆಂಬ ಉದ್ದೇಶವಿಲ್ಲದೆಯೇ ಆಹಾರವನ್ನು ಅತಿಯಾಗಿ ಕಡಿಮೆ ಮಾಡುವುದು ಅಥವಾ ಬೆರಳೆಣಿಕೆಯ ಪದಾರ್ಥಗಳಿಗೆ ಸೀಮಿತಗೊಳಿಸುವುದು ಈ ಕಾಯಿಲೆಯ ಸ್ವರೂಪ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ:

(ಅ) ಹಸಿವು ಮತ್ತು ಊಟದಲ್ಲಿ ಆಸಕ್ತಿಯೇ ಇಲ್ಲದಿರುವುದು;
(ಆ) ಆಹಾರದ ವಾಸನೆ, ಬಣ್ಣ, ಲೋಳೆ ಅಥವಾ ತರಿತರಿಯಾದ ಗುಣವನ್ನು ಸಹಿಸಲಾಗದಿರುವುದು;
(ಇ) ಗಂಟಲಿಗೆ ಸಿಕ್ಕಿಕೊಂಡೀತು, ವಾಂತಿಯಾದೀತು ಎಂಬ ಭಯ. ಇದು ಕೆಲವೊಮ್ಮೆ ಒಮ್ಮೆ ತುತ್ತು ಸಿಕ್ಕಿಕೊಂಡ ಘಟನೆಯ ನಂತರ ವಯಸ್ಕರಲ್ಲಿಯೂ ಏಕಾಏಕಿ ಆರಂಭವಾಗುತ್ತದೆ.

ಏಕಾದಶಿ, ರಂಜಾನ್, ಪರ್ಯೂಷಣ ಮುಂತಾದ ಸಂದರ್ಭಗಳ ಉಪವಾಸ, ಸಸ್ಯಾಹಾರದ ನಿಯಮ ಹಾಗೂ ಬಡತನದಿಂದ ಆಹಾರ ದೊರೆಯದಿರುವುದು ಈ ಕಾಯಿಲೆಯ ವ್ಯಾಪ್ತಿಗೆ ಬರುವುದಿಲ್ಲ. ತೂಕ ಇಳಿಯುವುದು, ಪೋಷಕಾಂಶಗಳ ಕೊರತೆ, ಊಟದ ಕಾರಣಕ್ಕೆ ಉದ್ಯೋಗ ಅಥವಾ ಕುಟುಂಬ ಜೀವನಕ್ಕೆ ಅಡಚಣೆ ಇವುಗಳಲ್ಲಿ ಒಂದಾದರೂ ಕಂಡುಬಂದಲ್ಲಿ ತಪಾಸಣೆ ಅಗತ್ಯ. ಭಯ ಹುಟ್ಟಿಸುವ ಆಹಾರವನ್ನು ಹಂತಹಂತವಾಗಿ ರೂಢಿಸುವ ಮನೋಚಿಕಿತ್ಸೆ ಹಾಗೂ ಆಹಾರ ತಜ್ಞರ ಮಾರ್ಗದರ್ಶನದಿಂದ ಚಿಕಿತ್ಸೆ ನೀಡಲಾಗುತ್ತದೆ.

ವಿಶೇಷ ಸೂಚನೆ: ಬಹಳ ದಿನ ಊಟವಿಲ್ಲದೆ ಸೊರಗಿದವರಿಗೆ ಮನೆಯವರು ಒಮ್ಮೆಲೇ ಹೊಟ್ಟೆ ತುಂಬ ಉಣಿಸಬಾರದು. ರಕ್ತದಲ್ಲಿನ ಲವಣಾಂಶಗಳು ಹಠಾತ್ತನೆ ಕುಸಿದು ಪ್ರಾಣಾಪಾಯ ಉಂಟಾಗಬಹುದು. ವೈದ್ಯರ ನಿಗಾದಲ್ಲಿ ಆಹಾರದ ಪ್ರಮಾಣವನ್ನು ಕ್ರಮೇಣ ಹೆಚ್ಚಿಸತಕ್ಕದ್ದು.

5. ರಾತ್ರಿ ತಿನ್ನುವ ಕಾಯಿಲೆ

1955ರಲ್ಲಿ ಅಮೆರಿಕದ ವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಇದನ್ನು ಮೊದಲು ವಿವರಿಸಿದರು. ದಿನದ ಆಹಾರದ ಕಾಲು ಭಾಗ ಅಥವಾ ಹೆಚ್ಚಿನದನ್ನು ರಾತ್ರಿ ಊಟದ ನಂತರ ತಿನ್ನುವುದು, ನಿದ್ದೆಯಿಂದೆದ್ದು ತಿನ್ನುವುದು, ಬೆಳಿಗ್ಗೆ ಹಸಿವಿಲ್ಲದಿರುವುದು ಇದರ ಲಕ್ಷಣಗಳು. ತಿಂದದ್ದು ರೋಗಿಗೆ ನೆನಪಿರುತ್ತದೆ. ನೆನಪೇ ಇರದಿದ್ದಲ್ಲಿ ಅದು ನಿದ್ರೆಗೆ ಸಂಬಂಧಿಸಿದ ಬೇರೆ ಕಾಯಿಲೆಯಿರಬಹುದು. ಕೆಲವು ನಿದ್ದೆ ಮಾತ್ರೆಗಳೂ ಕಾರಣವಾಗಬಹುದಾದ್ದರಿಂದ ಸೇವಿಸುತ್ತಿರುವ ಎಲ್ಲಾ ಔಷಧಿಗಳ ವಿವರವನ್ನು ವೈದ್ಯರಿಗೆ ನೀಡತಕ್ಕದ್ದು.

6. ಚಿಕಿತ್ಸೆ ಪಡೆಯುವ ಕ್ರಮ

(1) ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ವೈದ್ಯರನ್ನು ಕಾಣುವುದು. ತಿನ್ನುವ ವಸ್ತು, ಪ್ರಮಾಣ, ಎಷ್ಟು ಕಾಲದಿಂದ ಎಂಬ ವಿವರವನ್ನು ಸ್ಪಷ್ಟವಾಗಿ ಹೇಳುವುದು. ಬಾಯಲ್ಲಿ ಹೇಳಲು ಸಂಕೋಚವಾದಲ್ಲಿ ಬರೆದು ಕೊಡಬಹುದು.

(2) ಅಗತ್ಯವಿದ್ದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಉನ್ನತ ಸಂಸ್ಥೆಗೆ ಹೋಗುವುದು. ಹಿಂದಿನ ಚೀಟಿ ಹಾಗೂ ರಕ್ತಪರೀಕ್ಷೆಯ ವರದಿಗಳನ್ನು ಜೊತೆಯಲ್ಲಿ ಒಯ್ಯುವುದು.

(3) 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಸಮಾಲೋಚನೆ ಪಡೆಯಬಹುದು.

(4) ನೀರನ್ನೂ ನುಂಗಲಾಗದಿರುವುದು, ಮೂರ್ಛೆ, ರಕ್ತವಾಂತಿ, ತೀವ್ರ ಹೊಟ್ಟೆನೋವಿನೊಂದಿಗೆ ಮಲ ಮತ್ತು ವಾಯು ಕಟ್ಟಿಕೊಳ್ಳುವುದು, ಆತ್ಮಹತ್ಯೆಯ ಯೋಚನೆ ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ತಡಮಾಡದೆ 108 ಆಂಬ್ಯುಲೆನ್ಸ್ ಕರೆದು ಆಸ್ಪತ್ರೆಗೆ ಸೇರಿಸುವುದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಪಿಎಲ್ ಪಡಿತರ ಚೀಟಿ ಇಲ್ಲದ ಬಡವರಿಗೆ ಉಚಿತ ಚಿಕಿತ್ಸೆ ಇದೆಯೇ?
ಉತ್ತರ: ಇದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 18ನೇ ಪ್ರಕರಣದಂತೆ ಬಡತನದ ರೇಖೆಗಿಂತ ಕೆಳಗಿರುವವರು, ಚೀಟಿ ಇರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರಾಗಿರುತ್ತಾರೆ. ನಿರ್ಗತಿಕರು ಮತ್ತು ಮನೆಯಿಲ್ಲದವರಿಗೂ ಇದು ಅನ್ವಯಿಸುತ್ತದೆ.

ಪ್ರಶ್ನೆ: ವಿಷಯವು ಊರಿನವರಿಗೆ ಅಥವಾ ಉದ್ಯೋಗದಾತರಿಗೆ ತಿಳಿಯುವುದೇ?
ಉತ್ತರ: ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದು ಅದೇ ಅಧಿನಿಯಮದ 23ನೇ ಪ್ರಕರಣದಂತೆ ಚಿಕಿತ್ಸೆ ನೀಡುವವರ ಕರ್ತವ್ಯ. ಕಾನೂನಿನಲ್ಲಿ ಹೇಳಿರುವ ಸೀಮಿತ ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ಪ್ರಶ್ನೆ: ಆರೋಗ್ಯ ವಿಮೆ ಅನ್ವಯಿಸುವುದೇ?
ಉತ್ತರ: ದೈಹಿಕ ಕಾಯಿಲೆಗಳಿಗಿರುವಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮಾ ಸೌಲಭ್ಯ ಕಲ್ಪಿಸಬೇಕೆಂದು 21ನೇ ಪ್ರಕರಣವು ವಿಮಾ ಕಂಪನಿಗಳಿಗೆ ವಿಧಿಸುತ್ತದೆ. ಪಾಲಿಸಿಯ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು.

8. ಕುಟುಂಬದವರ ಗಮನಕ್ಕೆ

ಊಟದ ಎಲೆಯ ಮುಂದೆ ಹಂಗಿಸುವುದು, ಬಲವಂತವಾಗಿ ತುರುಕುವುದು, ಬಂಧುಗಳ ಎದುರು ವಿಷಯ ಎತ್ತುವುದರಿಂದ ರೋಗಿಯು ಮತ್ತಷ್ಟು ಮುಚ್ಚಿಡುತ್ತಾನೆಯೇ ಹೊರತು ಕಾಯಿಲೆ ಗುಣವಾಗುವುದಿಲ್ಲ. ಮೊದಲ ಭೇಟಿಗೆ ಜೊತೆಯಲ್ಲಿ ಹೋಗುವುದೇ ಕುಟುಂಬದವರು ಮಾಡಬಹುದಾದ ಅತಿ ದೊಡ್ಡ ಸಹಾಯ. ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿದ್ದು, ರೋಗನಿರ್ಣಯ ಹಾಗೂ ಚಿಕಿತ್ಸೆಗೆ ವೈದ್ಯರನ್ನೇ ಸಂಪರ್ಕಿಸಲು ಕೋರಲಾಗಿದೆ.