ಕ್ಷಮಿಸುವ ಹಕ್ಕು ಯಾರದು? ರಾಜಿ ಮತ್ತು ಮೊಕದ್ದಮೆಯ ಇತಿಹಾಸ

ನಮ್ಮ ಕೋಲಾರ ಸೀಮೆಯಲ್ಲಿ ಜಗಳವು ಠಾಣೆಯ ಮೆಟ್ಟಿಲೇರಿದ ಮೇಲೂ ಹಿರಿಯರ ಕೈ ತಪ್ಪಿಹೋಗುವುದಿಲ್ಲ. ಕ್ಯಾಲನೂರಿನಂತಹ ಊರುಗಳಲ್ಲಿ ಹೊಲದ ಬದುವಿಗಾಗಿ ಹೊಡೆದಾಡಿಕೊಂಡವರೂ, ಗಂಡನ ಮನೆಯವರ ಮೇಲೆ ದೂರು ಕೊಟ್ಟ ಹೆಣ್ಣುಮಗಳ ತವರಿನವರೂ ಕೆಲವು ತಿಂಗಳ ಬಳಿಕ ಮಸೀದಿ ಕಮಿಟಿಯ ಮುಂದೆ ಕುಳಿತು ರಾಜಿಯಾಗುವುದುಂಟು. ಕಾಗದಕ್ಕೆ ಸಹಿ ಬೀಳುತ್ತದೆ. ಆದರೆ ಕೋಲಾರದ ನ್ಯಾಯಾಲಯದಲ್ಲಿ ಮೊಕದ್ದಮೆ ನಿಲ್ಲುವುದಿಲ್ಲ. ನೊಂದವರೇ ಕ್ಷಮಿಸಿದ ಮೇಲೆ ಸರ್ಕಾರಕ್ಕೇನು ಎಂಬ ಪ್ರಶ್ನೆ ಆಗ ಏಳುತ್ತದೆ. ಈ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರಲ್ಲಿ ನಮ್ಮ ಶರೀಅತ್ತಿಗೂ ಪಾಲಿದೆ.

'ರಾಜಿ' ಎಂಬ ಮಾತೇ ಅರಬಿಯಿಂದ ಬಂದುದು. ತೃಪ್ತನಾದವನು, ಮನಸಾರೆ ಒಪ್ಪಿದವನು ಎಂಬುದು ಅದರ ಮೂಲಾರ್ಥ. ಹಳೆಯ ಕಚೇರಿಗಳಲ್ಲಿ 'ರಾಜಿನಾಮೆ' ಎಂದರೆ ಒಪ್ಪಂದದ ಪತ್ರ. ಅದೇ ಪದ ಇಂದು ಕನ್ನಡದಲ್ಲಿ ಹುದ್ದೆ ಬಿಡುವ ಪತ್ರವಾಗಿರುವುದು ಭಾಷೆಯ ತಮಾಷೆ.

ಹತ್ಯೆಯಾದವನ ವಾರಸುದಾರರಿಗೆ ಇಸ್ಲಾಮೀ ನ್ಯಾಯಶಾಸ್ತ್ರವು ಮೂರು ದಾರಿಗಳನ್ನು ತೆರೆದಿಟ್ಟಿದೆ: ಕಿಸಾಸ್, ಅಂದರೆ ಪ್ರತೀಕಾರ, ದಿಯತ್, ಅಂದರೆ ಪರಿಹಾರಧನ, ಮೂರನೆಯದು ಕ್ಷಮೆ. ಅಲ್‌ಬಕರ ಅಧ್ಯಾಯದ 178ನೆಯ ಸೂಕ್ತವು ಇದಕ್ಕೆ ಆಧಾರ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆ ಆರಂಭವಾದ ಮೇಲೂ ಫೌಜದಾರಿ ಅದಾಲತ್ತುಗಳು ಹನಫೀ ಮದ್‌ಹಬಿನ ಪ್ರಕಾರವೇ ನಡೆದವು. ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಇದು ಸಹ್ಯವಾಗಲಿಲ್ಲ. ಕೊಲೆಯು ಪ್ರಭುತ್ವದ ವಿರುದ್ಧದ ಅಪರಾಧ, ಅದನ್ನು ಮನ್ನಿಸುವುದು ಮನೆಯವರ ಇಚ್ಛೆಗೆ ಬಿಡತಕ್ಕದ್ದಲ್ಲ ಎಂಬುದು ಅವನ ನಿಲುವು. 1790ರ ಡಿಸೆಂಬರ್‌ನಲ್ಲಿ ಹೊರಟ ನಿಬಂಧನೆಯು ವಾರಸುದಾರರ ಕ್ಷಮೆಯ ಅಧಿಕಾರವನ್ನು ಕಿತ್ತುಕೊಂಡಿತು. ಅದಾಗಿ ಮೂರು ತಿಂಗಳೊಳಗೆ ಅದೇ ಕಾರ್ನ್‌ವಾಲಿಸನು ಟಿಪ್ಪು ಸುಲ್ತಾನರ ಮೇಲೆ ದಂಡೆತ್ತಿ ನಮ್ಮ ಕೋಲಾರದ ದಾರಿಯಾಗಿಯೇ ಬೆಂಗಳೂರಿನತ್ತ ನಡೆದನೆಂಬುದು ಇಲ್ಲಿ ನೆನಪಿಗೆ ಬರುತ್ತದೆ.

ಕಾರ್ನ್‌ವಾಲಿಸನ ವಾದ ಪೂರ್ತಿ ಟೊಳ್ಳಾಗಿತ್ತೆಂದು ನಾವು ಹೇಳಲಾರೆವು. ಹಣವಂತನು ಬಡವನ ರಕ್ತಕ್ಕೆ ಬೆಲೆ ಕಟ್ಟಿ ಪಾರಾಗುವ ಅಪಾಯವನ್ನು ನಮ್ಮ ಫುಕಹಾಗಳೂ ಬಲ್ಲವರಾಗಿದ್ದರು. ಉದ್ದೇಶಪೂರ್ವಕವಾಗಿ ಕೊಂದವನನ್ನು ವಾರಸುದಾರರು ಕ್ಷಮಿಸಿದರೂ ಅವನಿಗೆ ನೂರು ಛಡಿಯೇಟು ಮತ್ತು ಒಂದು ವರ್ಷದ ಸೆರೆವಾಸ ಉಂಟೆಂದು ಮಾಲಿಕೀ ಮದ್‌ಹಬ್ ಹೇಳುತ್ತದೆ. ಅಂದರೆ ಶರೀಅತ್ತು ನೊಂದವರ ಹಕ್ಕನ್ನೂ ಸಮಾಜದ ಹಕ್ಕನ್ನೂ ಒಟ್ಟಿಗೆ ನಿಭಾಯಿಸಿತ್ತು. ಕಂಪೆನಿಯು ಮೊದಲನೆಯದನ್ನು ಅಳಿಸಿ ಎರಡನೆಯದನ್ನು ಮಾತ್ರ ಉಳಿಸಿಕೊಂಡಿತು.

1860ರ ದಂಡಸಂಹಿತೆಯು 1862ರಲ್ಲಿ ಜಾರಿಗೆ ಬಂದಾಗ ಹಳೆಯ ಫೌಜದಾರಿ ನ್ಯಾಯ ಮುಗಿಯಿತು. ಆದರೂ ರಾಜಿಗೆ ಒಂದು ಕಿರುಬಾಗಿಲು ಉಳಿಯಿತು. 1898ರ ಪ್ರಕ್ರಿಯಾ ಸಂಹಿತೆಯ 345ನೆಯ ಕಲಮು, 1973ರದರ 320ನೆಯ ಕಲಮು, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಮು ಯಾವ ಅಪರಾಧವನ್ನು ಯಾರು ರಾಜಿ ಮಾಡಿಕೊಳ್ಳಬಹುದೆಂದು ಪಟ್ಟಿ ಕೊಡುತ್ತವೆ. ಸಣ್ಣ ಪೆಟ್ಟಿನ ಪ್ರಕರಣವನ್ನು ಪೆಟ್ಟು ತಿಂದವನೇ ಮುಗಿಸಬಹುದು. ಗಂಭೀರ ಗಾಯಕ್ಕೆ ನ್ಯಾಯಾಲಯದ ಅನುಮತಿ ಬೇಕು. ಗಂಡನ ಮನೆಯ ಕಿರುಕುಳದ 498ಎ ಕಲಮು ನಮ್ಮ ರಾಜ್ಯದಲ್ಲಿ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಲೋಕ ಅದಾಲತ್ತೂ ಮುಗಿಸಲಾರದು. ಕ್ಯಾಲನೂರಿನವರ ರಾಜಿಪತ್ರ ಕೋಲಾರದಲ್ಲಿ ನಿಂತುಬಿಡುವುದು ಈ ಕಾರಣದಿಂದ; ಅದನ್ನು ಹಿಡಿದು ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ಉಚ್ಚ ನ್ಯಾಯಾಲಯಕ್ಕಿರುವ ಅಂತರ್ಗತ ಅಧಿಕಾರದ ಚರ್ಚೆಯಲ್ಲಿ ಕರ್ನಾಟಕದ್ದೇ ಒಂದು ಪ್ರಕರಣ ಮೈಲಿಗಲ್ಲು. 1977ರಲ್ಲಿ ಕರ್ನಾಟಕ ಸರ್ಕಾರ ಮತ್ತು ಎಲ್. ಮುನಿಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರಿಯ ಕಾನೂನಿನ ಗುರಿಗಿಂತ ನ್ಯಾಯದ ಗುರಿ ಎತ್ತರದ್ದೆಂಬ ಆಶಯವನ್ನು ಪ್ರಕಟಿಸಿತು. ಅದು ರಾಜಿಯ ಪ್ರಕರಣವಾಗಿರಲಿಲ್ಲ. ಆದರೆ 2003ರಲ್ಲಿ ಬಿ.ಎಸ್. ಜೋಶಿ ಪ್ರಕರಣವು ಅದನ್ನು ಆಧರಿಸಿ, ದಂಪತಿಗಳ ವಿವಾದ ಬಗೆಹರಿದಿದ್ದರೆ 498ಎ ಮೊಕದ್ದಮೆಯನ್ನು ರದ್ದುಪಡಿಸಬಹುದೆಂದಿತು. 2012ರ ಸೆಪ್ಟೆಂಬರ್ 24ರಂದು ಗ್ಯಾನ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಗಡಿಯನ್ನು ಗುರುತಿಸಿದರು: ಸಂಸಾರದ, ವ್ಯಾಪಾರದ, ಖಾಸಗಿ ಸ್ವರೂಪದ ವ್ಯಾಜ್ಯಗಳಲ್ಲಿ ರಾಜಿಗೆ ಮನ್ನಣೆಯುಂಟು, ಕೊಲೆ, ಅತ್ಯಾಚಾರ, ದರೋಡೆಗಳಲ್ಲಿ ಇಲ್ಲ.

ಈ ಗಡಿ ನಮಗೆ ಹೊಸದಲ್ಲ. ಕೂಲಿಗಿದ್ದ ಯುವಕನೊಬ್ಬ ಯಜಮಾನನ ಪತ್ನಿಯೊಂದಿಗೆ ವ್ಯಭಿಚಾರವೆಸಗಿದಾಗ ಅವನ ತಂದೆ ನೂರು ಕುರಿಗಳನ್ನೂ ಒಬ್ಬ ದಾಸಿಯನ್ನೂ ಕೊಟ್ಟು ವಿಷಯವನ್ನು ಮುಗಿಸಿದ್ದನು. ವ್ಯಾಜ್ಯ ತಮ್ಮ ಮುಂದೆ ಬಂದಾಗ ಪ್ರವಾದಿ(ಸ)ರು ಆ ಒಪ್ಪಂದವನ್ನು ಅಸಿಂಧುಗೊಳಿಸಿ ಕುರಿಗಳನ್ನೂ ದಾಸಿಯನ್ನೂ ಹಿಂದಿರುಗಿಸಿದರು. ಇಮಾಮ್ ಬುಖಾರಿಯವರು ಈ ವರದಿಯನ್ನು ಸಂಧಾನದ ಅಧ್ಯಾಯದಲ್ಲಿಯೂ ಸೇರಿಸಿರುವುದು ಅರ್ಥಪೂರ್ಣ. ತನ್ನದಲ್ಲದ ಹಕ್ಕನ್ನು ಯಾರೂ ಬಿಟ್ಟುಕೊಡಲಾರರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ಪ್ರಕರಣವೊಂದರಲ್ಲಿ, ಶಿಕ್ಷಕನ ಮೇಲಿನ ಲೈಂಗಿಕ ದೌರ್ಜನ್ಯದ ಮೊಕದ್ದಮೆಯನ್ನು ಬಾಲಕಿಯ ಮನೆಯವರ ರಾಜಿಯಿಂದ ಮುಗಿಸಿದ್ದನ್ನು ರದ್ದುಗೊಳಿಸಿತು. ತಂದೆಯ ಸಹಿ ಮಗಳ ಹಕ್ಕನ್ನು ಅಳಿಸಲಾರದು.

ಇನ್ನೊಂದು ಅಪಾಯ ಭಯದ್ದು. ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಯಾವ ರಾಜಿಗೂ ಕಾನೂನಿನ ಅವಕಾಶವಿರಲಿಲ್ಲ. ರಾಜಿಯನ್ನು ನಿಷೇಧಿಸಿದ ಮಾತ್ರಕ್ಕೆ ನೊಂದವರ ಬಾಯಿ ತೆರೆಯದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಇರುವ ಸಾಕ್ಷ್ಯವಿದು.

ಬಲವಂತದಲ್ಲಿ ನಡೆದ ಸುಲ್ಹ್ ಸುಲ್ಹ್ ಅಲ್ಲವೆಂದು ಫಿಕ್‌ಹ್ ಹೇಳುತ್ತದೆ. ನಮ್ಮ ಕಮಿಟಿಗಳಲ್ಲಿ ಹೆಣ್ಣುಮಗಳ ಪರವಾಗಿ ಅಣ್ಣಂದಿರು, ಮಾವಂದಿರು ಮಾತನಾಡಿ, ಕೊನೆಯಲ್ಲಿ ಕಾಗದವನ್ನು ಒಳಗೆ ಕಳುಹಿಸಿ ಸಹಿ ಹಾಕಿಸಿ ತರುವ ರೂಢಿ ಇನ್ನೂ ಇದೆ. ಮೆಹರ್, ಒಡವೆ, ಮಕ್ಕಳ ಖರ್ಚು ಯಾವುದೂ ಆ ಕಾಗದದಲ್ಲಿ ಸ್ಪಷ್ಟವಿರುವುದಿಲ್ಲ. ಮುಂದೆ ಬೆಂಗಳೂರಿನಲ್ಲಿ ನ್ಯಾಯಮೂರ್ತಿಗಳು ಆಕೆಯನ್ನೇ ಉದ್ದೇಶಿಸಿ, ಸ್ವಇಚ್ಛೆಯಿಂದ ಒಪ್ಪಿದ್ದೀರಾ ಎಂದು ಕೇಳಬಹುದು. ಅದೇ ಪ್ರಶ್ನೆಯನ್ನು ಮೊದಲು ಊರಿನ ಮಸೀದಿಯಲ್ಲೇ, ಅಣ್ಣಂದಿರನ್ನು ಹೊರಗೆ ಕೂರಿಸಿ, ಆಕೆಗೆ ಕೇಳಬೇಕಾದದ್ದು ಮುತವಲ್ಲಿಗಳ ಕೆಲಸ.